ಉಂಗುರಕ್ಕೆ ಮರಳಿದ ಹಳದಿ ಮತ್ತು ನಾವು ಮರೆತ ಲೆಕ್ಕ

ಕಳೆದ ಮಾಘದಲ್ಲಿ ಬನಶಂಕರಿ ಎರಡನೇ ಹಂತದ ಕಲ್ಯಾಣ ಮಂಟಪವೊಂದರಲ್ಲಿ ನನ್ನ ತಂಗಿಯ ಕಿರಿಯ ಮಗಳ ನಿಶ್ಚಿತಾರ್ಥ ನಡೆಯಿತು. ಲಗ್ನಪತ್ರಿಕೆ ಓದಿ, ಬೀಗರು ತಟ್ಟೆ ಬದಲಾಯಿಸಿಕೊಂಡ ನಂತರ ಹುಡುಗ ಹುಡುಗಿ ಪರಸ್ಪರ ಉಂಗುರ ತೊಡಿಸಿದರು. ಎರಡೂ ಹಳದಿ ಚಿನ್ನದವು, ಕಲ್ಲಿಲ್ಲ, ಕೆತ್ತನೆಯಿಲ್ಲ. ನನ್ನ ವಯಸ್ಸಿನವರ ಕಣ್ಣಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಇದೇ ಮನೆಯ ಹಿರಿಯ ಮಗಳ ನಿಶ್ಚಿತಾರ್ಥಕ್ಕೆ, 2011ರಲ್ಲಿ, ಬಂದದ್ದು ಬಿಳಿ ಚಿನ್ನದ ವಜ್ರದುಂಗುರ. ಆಗ ಹಳದಿ ಚಿನ್ನವೆಂದರೆ ಅಜ್ಜಿಯ ಕಾಲದ್ದು ಎಂದು ಮೂಗುಮುರಿದವರೇ ಹೆಚ್ಚು.

ಇದು ಒಂದು ಮನೆಯ ಮಾತಲ್ಲ. ಈಚಿನ ಎರಡು ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ನಾನು ಹೋಗಿಬಂದ ಸಮಾರಂಭಗಳಲ್ಲಿ ಹಳದಿ ಉಂಗುರವೇ ಹೆಚ್ಚಾಗಿ ಕಂಡಿದೆ. ಒಂದು ಕಾಲಕ್ಕೆ ಆಭರಣದಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಮುಂದಿನ ಸಾಲಿನಲ್ಲಿದ್ದ ಪ್ಲಾಟಿನಂ ಜೋಡಿ ಉಂಗುರಗಳು ಈಗ ಹಿಂದೆ ಸರಿದಿವೆ. ಇದು ಅಂಕಿಅಂಶದ ಮಾತಲ್ಲ, ಕಣ್ಣಳತೆಯ ಮಾತು. ಆದರೂ ಯೋಚಿಸಬೇಕಾದ ಸಂಗತಿ ಇದರಲ್ಲಿದೆ. 2005ರಲ್ಲಿ 10 ಗ್ರಾಂ ಅಪರಂಜಿಗೆ ಏಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ 2025ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಬೆಲೆ ಏರಿದರೆ ಬೇಡಿಕೆ ಇಳಿಯಬೇಕು ಎಂಬುದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಮೊದಲ ಪಾಠ. ಚಿನ್ನ ಇಷ್ಟು ದುಬಾರಿಯಾಗಿರುವಾಗಲೇ ಓದುಬರಹ ಬಲ್ಲ, ಸಂಬಳ ತರುವ ಯುವಜನ ಅದರ ಕಡೆಗೆ ಮುಖ ತಿರುಗಿಸಿರುವುದೇಕೆ?

ಸುಲಭವಾಗಿ ಸಿಗುವ ಉತ್ತರಗಳು ಎರಡು. ಮೊದಲನೆಯದು, ಇದು ಪರದೇಶದ ಫ್ಯಾಷನ್ ಎಂಬುದು. ಬ್ರಿಟನ್ನಿನ ರಾಜಕುಮಾರ ಹ್ಯಾರಿ 2017ರಲ್ಲಿ ಮೇಘನ್ ಮಾರ್ಕಲ್ ಅವರಿಗೆ ತೊಡಿಸಿದ್ದು ಹಳದಿ ಚಿನ್ನದ ಉಂಗುರ. 2025ರ ಆಗಸ್ಟ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ತಮ್ಮ ನಿಶ್ಚಿತಾರ್ಥ ಪ್ರಕಟಿಸಿದಾಗ ಲೋಕವೆಲ್ಲ ನೋಡಿದ ಉಂಗುರವೂ ಹಳದಿ ಚಿನ್ನದ್ದೇ. ಎರಡನೆಯ ಉತ್ತರ, ಇದು ನಮ್ಮ ಸಂಪ್ರದಾಯಕ್ಕೆ ಮರಳುವಿಕೆ ಎಂಬುದು. ಈ ಎರಡನೆಯದನ್ನು ಹೇಳುವವರು ಸ್ವಲ್ಪ ನೆನಪಿಸಿಕೊಳ್ಳಬೇಕು. ನಮ್ಮ ಬಹುತೇಕ ಮನೆಗಳಲ್ಲಿ ನಿಶ್ಚಯವೆಂದರೆ ತಾಂಬೂಲ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಕೈಬದಲಾದರೆ ಮಾತು ಮುಗಿಯಿತು. ಅಳಿಯನಿಗೆ ಉಂಗುರ ಕೊಡುವ ಪದ್ಧತಿ ಇದ್ದದ್ದು ನಿಜ. ಆದರೆ ಇಬ್ಬರೂ ಸಭೆಯ ಮುಂದೆ ನಿಂತು ಉಂಗುರ ಬದಲಾಯಿಸಿಕೊಳ್ಳುವುದು, ಅದನ್ನು ಛಾಯಾಗ್ರಾಹಕನಿಗಾಗಿ ಇನ್ನೊಮ್ಮೆ ಮಾಡುವುದು ಈಚಿನದು. ಮರಳಿರುವುದು ಬಣ್ಣವೇ ಹೊರತು ಶಾಸ್ತ್ರವಲ್ಲ.

ನಿಜವಾದ ಕಾರಣ ಪೇಟೆಯಲ್ಲಿದೆ. ಬಿಳಿ ಲೋಹ ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಮನೆ ಹೊಕ್ಕದ್ದು 2000ದ ದಶಕದಲ್ಲಿ. ಮಾಹಿತಿ ತಂತ್ರಜ್ಞಾನದ ಸಂಬಳ ಬಂತು, ಜೋಡಿ ಉಂಗುರಗಳ ಜಾಹೀರಾತು ಬಂತು, ಅಮೆರಿಕದಿಂದ ರಜೆಗೆ ಬಂದ ಮಕ್ಕಳ ಬೆರಳುಗಳೂ ಮಾದರಿಯಾದವು. ಆಗ ಪ್ಲಾಟಿನಂ ಚಿನ್ನಕ್ಕಿಂತ ದುಬಾರಿ. ಅದನ್ನು ತೊಡುವುದೆಂದರೆ ಚಿನ್ನವನ್ನು ಮೀರಿದ್ದೇವೆ ಎಂದು ಹೇಳಿಕೊಂಡಂತೆ. 2015ರಿಂದ ಈಚೆಗೆ ಚಿನ್ನವೇ ಪ್ಲಾಟಿನಮ್ಮಿಗಿಂತ ಮೇಲೇರಿತು. ಪ್ರತಿಷ್ಠೆ ಬೆಲೆಯ ಬೆನ್ನು ಹಿಡಿದು ನಡೆಯುವಂಥದ್ದು. ಅದು ಪಕ್ಷ ಬದಲಿಸಲು ಬಹಳ ಕಾಲ ಬೇಕಾಗಲಿಲ್ಲ.

ಪ್ರತಿಷ್ಠೆಗಿಂತ ದೊಡ್ಡ ಪಾಠ ಕಲಿಸಿದ್ದು ಕಷ್ಟಕಾಲ. 2020ರ ಲಾಕ್‌ಡೌನ್ ದಿನಗಳಲ್ಲಿ ನನ್ನ ತಂಗಿಯ ಹಿರಿಯ ಅಳಿಯನ ಸಂಬಳ ಅರ್ಧಕ್ಕಿಳಿಯಿತು. ಮನೆಸಾಲದ ಕಂತು ಇಳಿಯಲಿಲ್ಲ. ಅವಳು ತನ್ನ ವಜ್ರದುಂಗುರವನ್ನು ಮಾರಲು ಹೋದಳು. ಅಂಗಡಿಯಾತ ಉಂಗುರವನ್ನು ತಕ್ಕಡಿಗೆ ಹಾಕಿ, ಕಲ್ಲಿನ ತೂಕ ಕಳೆದು, ಉಳಿದ ನಾಲ್ಕು ಗ್ರಾಂಗೂ ಕಡಿಮೆ ಚಿನ್ನಕ್ಕೆ ಮಾತ್ರ ಬೆಲೆ ಹೇಳಿದ. ಬೇರೆ ಅಂಗಡಿಯ ವಜ್ರ ನಮಗೆ ಬೇಡ ಎಂದ. ಕೊಟ್ಟ ಹಣದ ಕಾಲುಭಾಗವೂ ಮರಳುವಂತಿರಲಿಲ್ಲ. ಅದೇ ಮದುವೆಯಲ್ಲಿ ತವರಿನಿಂದ ಬಂದಿದ್ದ ಬಳೆಗಳನ್ನು ಅಡವಿಟ್ಟಾಗ ಒಂದೇ ಗಂಟೆಯಲ್ಲಿ ಸಾಲ ಸಿಕ್ಕಿತು. ಆ ಒಂಬತ್ತು ವರ್ಷಗಳಲ್ಲಿ ಚಿನ್ನದ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಈಗ ತಂಗಿಯ ಸರದಿ ಬಂದಾಗ ಅವಳು ನನಗೆ ಹೇಳಿದ್ದು ಇಷ್ಟೇ: ‘ಮಾವ, ಅಕ್ಕನ ಉಂಗುರದ ಪಾಡು ನೋಡಿದ ಮೇಲೆ ಬಿಳಿಯದು ಬೇಡವೇ ಬೇಡ ಅನ್ನಿಸಿತು.’

ಕೆಲಸ ಯಾವಾಗ ಹೋದೀತೋ ಎಂಬ ಅಳುಕಿನಲ್ಲಿ ಬಿಟಿಎಂ ಲೇಔಟಿನ ಬಾಡಿಗೆ ಮನೆಗಳಲ್ಲಿ ಬಾಳುವ ಯುವ ಎಂಜಿನಿಯರುಗಳ ಯೋಚನೆಯೂ ಇದೇ ಇರಬೇಕು. ಉಂಗುರ ಪ್ರೀತಿಯ ಗುರುತೂ ಆಗಲಿ, ಆಪತ್ಕಾಲದ ಗಂಟೂ ಆಗಲಿ ಎಂಬ ಅಪೇಕ್ಷೆ ತಪ್ಪೇನಲ್ಲ. ಆದರೆ ಈ ಅಪೇಕ್ಷೆಯ ಕೆಳಗಿರುವ ತಿಳಿವಳಿಕೆ ತಪ್ಪು. ನನ್ನ ಸೋದರಸೊಸೆಗೆ ಮೋಸವಾದದ್ದು ಬಣ್ಣದಿಂದಲ್ಲ.

ಬಿಳಿ ಚಿನ್ನವೆಂಬುದು ಬೇರೆ ಲೋಹವಲ್ಲ. ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕ್ಕಲ್ ಬೆರೆಸಿ, ಮೇಲೆ ರೋಡಿಯಂ ಲೇಪ ಕೊಟ್ಟರೆ ಅದು ಬಿಳಿ. ತಾಮ್ರ, ಬೆಳ್ಳಿ ಬೆರೆಸಿದರೆ ಹಳದಿ. 18 ಕ್ಯಾರೆಟ್ಟಿನ ಬಿಳಿ ಉಂಗುರದಲ್ಲೂ 18 ಕ್ಯಾರೆಟ್ಟಿನ ಹಳದಿ ಉಂಗುರದಲ್ಲೂ ಇರುವ ಅಪರಂಜಿ ಶೇ 75 ಮಾತ್ರ. ಬಿಳಿಯದಕ್ಕೆ ಕೆಲವು ವರ್ಷಗಳಿಗೊಮ್ಮೆ ಲೇಪ ಹಾಕಿಸುವ ಖರ್ಚು ಹೆಚ್ಚು, ಅಷ್ಟೇ. ಇಂದು ಕಲ್ಲು ಕೂರಿಸಿದ ಹಳದಿ ಉಂಗುರಗಳು ಬಹುಪಾಲು 18 ಅಥವಾ 14 ಕ್ಯಾರೆಟ್ಟಿನವು. 22 ಕ್ಯಾರೆಟ್ ಚಿನ್ನ ಮೃದು, ಕಲ್ಲನ್ನು ಬಿಗಿಯಾಗಿ ಹಿಡಿಯದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಹಳದಿಯಾಗಿರುವುದೆಲ್ಲ ಅಪರಂಜಿಯೂ ಅಲ್ಲ. ಹಳದಿ ಬಣ್ಣವನ್ನು ನೋಡಿ ನಮ್ಮ ಅಜ್ಜಿಯ ಉಂಗುರದ ಶುದ್ಧತೆಯನ್ನು ಊಹಿಸಿಕೊಂಡು ಕೊಳ್ಳುವವರು ಹದಿನೈದು ವರ್ಷಗಳ ನಂತರ ಅದೇ ತಕ್ಕಡಿಯ ಮುಂದೆ ಅದೇ ಮಾತು ಕೇಳಬೇಕಾದೀತು.

ಇಲ್ಲೊಂದು ಚರಿತ್ರೆಯ ವಿನೋದವಿದೆ. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಅಂದಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಆಭರಣ ಮಾಡಬಾರದೆಂದು ಕಟ್ಟಳೆ ತಂದರು. ದೇಶದ ಅಕ್ಕಸಾಲಿಗರು ಬೀದಿಗೆ ಬಿದ್ದರು. ಜನ ಆ ಚಿನ್ನವನ್ನು ಚಿನ್ನವೆಂದೇ ಒಪ್ಪಲಿಲ್ಲ. 1966ರಲ್ಲಿ ಆ ನಿರ್ಬಂಧವನ್ನು ಕೈಬಿಡಬೇಕಾಯಿತು. ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಯಿತು. ಸರ್ಕಾರದ ಆಜ್ಞೆಗೆ ಬಗ್ಗದ ಜನ ಇಂದು ಬೆಲೆಗೆ ಬಗ್ಗಿ, ಅದೇ 14 ಕ್ಯಾರೆಟ್ಟನ್ನು ಇಷ್ಟಪಟ್ಟು ಕೊಳ್ಳುತ್ತಿದ್ದಾರೆ. ಆಡಳಿತದಲ್ಲಿದ್ದವನಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಕ್ಯಾರೆಟ್ ಸರಿಯಿದ್ದರೂ ಲೆಕ್ಕ ಮುಗಿಯುವುದಿಲ್ಲ. ಅನುಕೂಲಕ್ಕಾಗಿ 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಐದು ಗ್ರಾಂ ಉಂಗುರದ ಚಿನ್ನದ ಬೆಲೆ 50,000. ಮಜೂರಿ ಶೇ 15 ಎಂದರೆ 7,500. ಇವೆರಡರ ಮೇಲೆ ಶೇ 3ರ ಜಿಎಸ್‌ಟಿ 1,725. ಒಟ್ಟು 59,225 ರೂಪಾಯಿ. ಮರುದಿನವೇ ಮಾರಿದರೆ ಸಿಗುವುದು ಹೆಚ್ಚೆಂದರೆ 50,000. ಕರಗಿಸುವ ತೇಮಾನು ಕಳೆದರೆ ಅದೂ ಇಲ್ಲ. ಅಂದರೆ ಚಿನ್ನದ ಬೆಲೆ ಶೇ 18ಕ್ಕೂ ಹೆಚ್ಚು ಏರಿದ ಮೇಲೆಯೇ ಹಾಕಿದ ಹಣ ಕೈಗೆ ಬರುವುದು. ಉಳಿತಾಯವೇ ಉದ್ದೇಶವಾದರೆ ಇಷ್ಟು ದುಬಾರಿ ಪ್ರವೇಶಶುಲ್ಕ ಕೊಡುವ ಅಗತ್ಯವಿಲ್ಲ. ನಾಣ್ಯವಿದೆ, ಚಿನ್ನದ ನಿಧಿಗಳಿವೆ. ಉಂಗುರವನ್ನು ಉಂಗುರವೆಂದು ಕೊಳ್ಳಬೇಕು.

ಹಾಗೆ ಕೊಳ್ಳುವವರಿಗೆ ಹಿಂದಿನ ತಲೆಮಾರಿಗೆ ಇಲ್ಲದ ಒಂದು ರಕ್ಷಣೆ ಈಗ ಇದೆ. ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ 2000ರಲ್ಲಿ ಆರಂಭವಾಯಿತು. 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಪ್ರತಿ ಹಾಲ್‌ಮಾರ್ಕ್ ಒಡವೆಯ ಮೇಲೂ ಅದರದೇ ಆದ ಆರು ಅಕ್ಷರ-ಅಂಕಿಗಳ ಗುರುತು ಇರಬೇಕು. ಆ ಗುರುತನ್ನು ಸಂಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಶುದ್ಧತೆ ತಿಳಿಯುತ್ತದೆ. 916 ಎಂದರೆ 22 ಕ್ಯಾರೆಟ್, 750 ಎಂದರೆ 18, 585 ಎಂದರೆ 14. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ನಿಯಮದಿಂದ ವಿನಾಯಿತಿಯಿದೆ. ತೀರ ತೆಳುವಾದ ಉಂಗುರ ಕೊಳ್ಳುವವರು ಇದನ್ನು ನೆನಪಿಡಬೇಕು. ಉಂಗುರದ ಒಳಮೈಯ ಮೇಲಿರುವ ಈ ಸಣ್ಣ ಅಕ್ಷರಗಳು ಹೊರಮೈಯ ಬಣ್ಣಕ್ಕಿಂತ ಸತ್ಯವಂತ ಸಾಕ್ಷಿಗಳು.

ದೇಶದ ದೃಷ್ಟಿಯಿಂದ ಚಿನ್ನದ ಮೋಹವನ್ನು ಟೀಕಿಸುವುದು ನನ್ನಂಥವರ ಹಳೆಯ ಅಭ್ಯಾಸ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಒತ್ತೆಯಿಡಬೇಕಾದ ದಿನಗಳನ್ನು ನೋಡಿದವನು ನಾನು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ರಾಯಚೂರು ಜಿಲ್ಲೆಯ ಹಟ್ಟಿಯ ಅಲ್ಪ ಉತ್ಪಾದನೆ ಬಿಟ್ಟರೆ ನಾವು ತೊಡುವ ಹೊಸ ಚಿನ್ನ ಬಹುತೇಕ ಆಮದಿನದೇ. 2023–24 ಮತ್ತು 2024–25ರಲ್ಲಿ ವರ್ಷಕ್ಕೆ 700 ಟನ್‌ಗೂ ಹೆಚ್ಚು ಬಂದಿದೆ. ಆದರೂ ಈಗ ನನ್ನ ದೂರು ಮೊದಲಿನಷ್ಟು ಗಟ್ಟಿಯಾಗಿ ಹೊರಡುವುದಿಲ್ಲ. 2020ರಲ್ಲಿ ತಂಗಿಯ ಮಗಳ ಮನೆಯನ್ನು ಉಳಿಸಿದ್ದು ನಾನು ಹೇಳಿಕೊಟ್ಟ ಉಳಿತಾಯದ ಯೋಜನೆಗಳಲ್ಲ, ನಾನು ದಂಡವೆಂದಿದ್ದ ಬಳೆಗಳು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬಿಳಿ ಉಂಗುರ ಫ್ಯಾಷನ್ನಾಗಿದ್ದಷ್ಟು ಕಾಲ ಅದರ ಬೆಲೆ ಸಭಿಕರಿಗೆ ತಿಳಿಯುತ್ತಿರಲಿಲ್ಲ. ಹಳದಿ ಚಿನ್ನ ಹಾಗಲ್ಲ. ಅದನ್ನು ಕಣ್ಣಿನಲ್ಲೇ ತೂಗಬಲ್ಲವರು ಪ್ರತಿ ಮಂಟಪದಲ್ಲೂ ಇದ್ದಾರೆ. ಬಣ್ಣದ ಜೊತೆಗೆ ತೂಕದ ಮಾತೂ ಮರಳುತ್ತಿದೆ. ‘ನಿಮ್ಮ ಮಗಳಿಗೆ ಏನು ಹಾಕುತ್ತೀರೋ ನಿಮ್ಮಿಷ್ಟ’ ಎಂಬ ವಿನಯದ ಮಾತಿನಲ್ಲಿ ಎಷ್ಟು ಬಲವಂತವಿದೆ ಎಂಬುದು ಹೆಣ್ಣು ಹೆತ್ತವರಿಗೆ ಗೊತ್ತು. ಅಳಿಯನ ಉಂಗುರ ಎಂಟು ಗ್ರಾಂ ಇರಲಿ ಎಂಬುದು 2005ರಲ್ಲಿ ಆರು ಸಾವಿರ ರೂಪಾಯಿಯೊಳಗಿನ ಮಾತು. 2025ರಲ್ಲಿ ಅದೇ ಮಾತು ನಿವೃತ್ತ ಗುಮಾಸ್ತರೊಬ್ಬರ ಕೆಲವು ತಿಂಗಳ ಪಿಂಚಣಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ಮದುವೆಯಲ್ಲಿ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂಬ ನಿಯಮ 1985ರದು. ಹೆಣ್ಣಿಗೆ ಬಂದ ಸ್ತ್ರೀಧನ ಸಂಪೂರ್ಣ ಅವಳದೇ ಎಂದು ಸುಪ್ರೀಂ ಕೋರ್ಟ್ ಅದೇ 1985ರಲ್ಲಿ ಸ್ಪಷ್ಟಪಡಿಸಿದೆ. ಈ ಪಟ್ಟಿಯನ್ನು ಬರೆದಿಟ್ಟ ಮನೆ ನಮ್ಮ ಬಡಾವಣೆಗಳಲ್ಲಿ ನಾನು ಕಂಡಿಲ್ಲ. ಲಾಕರಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಯಾರೂ ಕೇಳುವುದಿಲ್ಲ. ಚಿನ್ನ ಹೆಣ್ಣಿನ ಆಪತ್ಕಾಲದ ಬಲ ಎನ್ನುವುದಾದರೆ ಆ ಬಲ ಅವಳ ಕೈಯಲ್ಲಿರಬೇಕು, ಅದರ ರಸೀದಿ ಅವಳ ಹೆಸರಿನಲ್ಲಿರಬೇಕು.

ಬನಶಂಕರಿಯ ಆ ಸಮಾರಂಭಕ್ಕೆ ಮುನ್ನ ಮನೆಯಲ್ಲಿ ಸಣ್ಣ ಚರ್ಚೆ ನಡೆದಿತ್ತು. ಹುಡುಗನ ಉಂಗುರ ಸ್ವಲ್ಪ ದಪ್ಪಗಿರಲಿ, ನಾಲ್ಕು ಜನ ನೋಡುತ್ತಾರೆ ಎಂದು ನನ್ನ ತಂಗಿಯ ಹಟ. ಹುಡುಗಿ ಒಪ್ಪಲಿಲ್ಲ. ಇಬ್ಬರೂ ಜೊತೆಯಲ್ಲಿ ಅಂಗಡಿಗೆ ಹೋಗಿ, ಗುರುತು ಪರೀಕ್ಷಿಸಿ, ತಲಾ ನಾಲ್ಕು ಗ್ರಾಂನ 22 ಕ್ಯಾರೆಟ್ ಉಂಗುರಗಳನ್ನು ಕೊಂಡರು. ಅವನದರ ಹಣ ಅವಳು ಕೊಟ್ಟಳು, ಅವಳದರ ಹಣ ಅವನು. ರಸೀದಿಗಳನ್ನು ತೊಡುವವರ ಹೆಸರಿನಲ್ಲೇ ಬರೆಸಿಕೊಂಡರು. ಮಂಟಪದಲ್ಲಿ ಹಿರಿಯರೊಬ್ಬರು ಹುಡುಗನ ಬೆರಳು ನೋಡಿ, ‘ಇಷ್ಟೇನಾ?’ ಎಂದದ್ದು ನನ್ನ ಕಿವಿಗೂ ಬಿತ್ತು. ಇಷ್ಟೇ ಸಾಕು ಎಂದು ಹೇಳುವ ಕೆಲಸ ಆ ಮಕ್ಕಳದಲ್ಲ, ನಮ್ಮಂಥ ಹಿರಿಯರದು. ನಾನು ಹೇಳಿದೆ.