ಗಡಿಯಾಚೆಯ ವೃತ್ತಿ ತರಬೇತಿ ಮತ್ತು ನಾವೀನ್ಯತಾ ಯೋಜನೆಗಳಿಗೆ ಸರ್ಕಾರದ ನೆರವು: ಕೊಟ್ಟಿಗೆಹಾರ ಭಾಗದ ಅರ್ಜಿದಾರರಿಗಾಗಿ ಒಂದು ಅವಲೋಕನ

ಪ್ರಸ್ತಾವನೆ

ಚಾರ್ಮಾಡಿ ಘಾಟಿಯ ಮೇಲ್ತುದಿಯಲ್ಲಿರುವ ಕೊಟ್ಟಿಗೆಹಾರವು ಮೂಡಿಗೆರೆ, ಕಳಸ ಹಾಗೂ ಧರ್ಮಸ್ಥಳದ ಕಡೆಯ ರಸ್ತೆಗಳು ಕೂಡುವ ಸ್ಥಳವಾಗಿದೆ. ಸುತ್ತಮುತ್ತಲಿನ ಕುಟುಂಬಗಳು ಕಾಫಿ, ಕಾಳುಮೆಣಸು, ಅಡಿಕೆ ಮತ್ತು ಏಲಕ್ಕಿ ಬೆಳೆಗಳನ್ನು ಅವಲಂಬಿಸಿವೆ. ವಿದೇಶದಲ್ಲಿ ವೃತ್ತಿ ತರಬೇತಿ ಪಡೆಯಲು ಅಥವಾ ತೋಟಕ್ಕೆ ಉಪಯುಕ್ತವಾದ ಹೊಸ ಯಂತ್ರ, ಹೊಸ ವಿಧಾನವೊಂದನ್ನು ರೂಪಿಸಲು ಸರ್ಕಾರದಿಂದ ನೆರವು ದೊರೆಯುತ್ತದೆಯೇ ಎಂಬುದು ಇಲ್ಲಿನ ಯುವಜನರ ಮುಂದಿರುವ ಪ್ರಶ್ನೆಯಾಗಿದೆ.

ನೆರವು ಲಭ್ಯವಿದೆ. ಆದರೆ ಅದರ ಬಹುಭಾಗವು ಅರ್ಜಿದಾರರ ಕೈಗೆ ನೇರವಾಗಿ ಸೇರುವುದಿಲ್ಲ. ತರಬೇತಿ ಸಂಸ್ಥೆ ಮತ್ತು ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ ಬರುತ್ತದೆ. ಅಲ್ಲದೆ, ವಿದೇಶಕ್ಕೆ ಕಳುಹಿಸುವ ವ್ಯವಸ್ಥೆ ಒಂದು ಕಡೆಯಿದ್ದರೆ ಹಿಂದಿರುಗಿದವರ ಹೊಸ ಆಲೋಚನೆಗೆ ಧನಸಹಾಯ ನೀಡುವ ವ್ಯವಸ್ಥೆ ಮತ್ತೊಂದು ಕಡೆಯಿದೆ. ಈ ಎರಡರ ನಡುವಿನ ಅಂತರವನ್ನು ಅರಿಯದೆ ತೋಟವನ್ನು ಅಡವಿಟ್ಟು ಮಧ್ಯವರ್ತಿಗೆ ಹಣ ತೆತ್ತ ಕುಟುಂಬವು, ಹಣದ ಜೊತೆಗೆ ಜಮೀನನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಯಾವ ಹಣ ಯಾರಿಂದ, ಯಾರಿಗೆ, ಯಾವ ಹಂತದಲ್ಲಿ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಗಡಿಯಾಚೆಯ ವಿದ್ಯೆಯನ್ನು ಸಾರ್ವಜನಿಕ ಹಣದಿಂದ ಬರಮಾಡಿಕೊಳ್ಳುವುದು ಈ ಬೆಟ್ಟಸಾಲಿಗೆ ಹೊಸತಲ್ಲ. ಕೆನಡಾ ದೇಶದವರಾದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗವನ್ನು ಅವರು ಅಧ್ಯಯನ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಇಲ್ಲಿ ರೂಢಿಗೆ ತಂದರು. ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣವನ್ನು ಮಲೆನಾಡಿನ ಬೆಳೆಗಾರರು ಇಂದಿಗೂ ಮಳೆಗಾಲಕ್ಕೆ ಮೊದಲು ಸಿಂಪಡಿಸುತ್ತಾರೆ. ಡಾ. ಕೋಲ್ಮನ್ ಅವರು ಕೃಷಿ ನಿರ್ದೇಶಕರಾಗಿದ್ದ ಅವಧಿಯಲ್ಲಿಯೇ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪನೆಯಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದ್ದು, 2025ರಲ್ಲಿ ನೂರು ವರ್ಷಗಳನ್ನು ಪೂರೈಸಿದೆ.

ಎರಡನೆಯ ನಿದರ್ಶನ ಎಲೆತುಕ್ಕು ರೋಗಕ್ಕೆ ಸಂಬಂಧಿಸಿದುದು. ಪೋರ್ಚುಗಲ್ ದೇಶದಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಫಿ ತುಕ್ಕುರೋಗ ಸಂಶೋಧನಾ ಕೇಂದ್ರದಿಂದ ಬಂದ ಬಿತ್ತನೆ ಮೂಲವನ್ನು ಬಾಳೆಹೊನ್ನೂರಿನ ಸಂಸ್ಥೆಯು ಹಲವು ವರ್ಷ ಪರೀಕ್ಷಿಸಿ, 2007ರಲ್ಲಿ ‘ಚಂದ್ರಗಿರಿ’ ಎಂಬ ಅರೇಬಿಕಾ ತಳಿಯನ್ನು ಬಿಡುಗಡೆ ಮಾಡಿತು.

ಮೇಲ್ಕಂಡ ಎರಡೂ ಸಂದರ್ಭಗಳಲ್ಲಿ ಹೊರಗಿನ ವಿದ್ಯೆ ಫಲ ನೀಡಲು ಕಾರಣ ಒಂದೇ. ಬಂದ ವಿದ್ಯೆಯನ್ನು ಇಲ್ಲಿನ ಮಳೆ, ಮಣ್ಣು ಮತ್ತು ನೆರಳಿಗೆ ಹೊಂದಿಸಿ ಬೆಳೆಗಾರರಿಗೆ ತಲುಪಿಸುವ ಹೊಣೆಯನ್ನು ಸಾರ್ವಜನಿಕ ವ್ಯವಸ್ಥೆಯೊಂದು ಹೊತ್ತಿತ್ತು. ಇಂದಿನ ಯೋಜನೆಗಳನ್ನೂ ಈ ಅಳತೆಗೋಲಿನಿಂದ ನೋಡುವುದು ಸೂಕ್ತ.

ವಿದೇಶಿ ವೃತ್ತಿ ತರಬೇತಿ: ವೆಚ್ಚ ಯಾರದು?

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ಮೀಸಲಾಗಿದೆ. ಐ.ಟಿ.ಐ. ಮುಗಿಸಿದವರಿಗೆ ಅಥವಾ ತೋಟದ ಕೆಲಸದಲ್ಲಿ ಪಳಗಿದವರಿಗೆ ಅದು ಅನ್ವಯಿಸುವುದಿಲ್ಲ. ಅಂತಹವರಿಗೆ ಇರುವ ದಾರಿಯು ದೇಶ ದೇಶಗಳ ನಡುವಿನ ಒಪ್ಪಂದಗಳ ಮೂಲಕ ತೆರೆದುಕೊಂಡಿದೆ.

ಭಾರತ ಮತ್ತು ಜಪಾನ್ ನಡುವೆ 2017ರ ಅಕ್ಟೋಬರ್‌ನಲ್ಲಿ ತಾಂತ್ರಿಕ ತರಬೇತಿ ಕಾರ್ಯಕ್ರಮದ ಬಗ್ಗೆ ಸಹಕಾರ ಒಪ್ಪಂದವಾಯಿತು. ಇದರಡಿ ಗರಿಷ್ಠ ಐದು ವರ್ಷಗಳವರೆಗೆ ಜಪಾನಿನ ಕಾರ್ಯಸ್ಥಳಗಳಲ್ಲಿ ತರಬೇತಿ ಪಡೆಯಲು ಅವಕಾಶ ಕಲ್ಪಿಸಲಾಯಿತು. ಕೃಷಿ, ಆಹಾರ ಸಂಸ್ಕರಣೆ, ಕಟ್ಟಡ ನಿರ್ಮಾಣ ಮತ್ತು ಶುಶ್ರೂಷೆ ಅದರಲ್ಲಿ ಸೇರಿದ ವೃತ್ತಿಗಳು. ಭಾರತದಲ್ಲಿ ಇದರ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮಕ್ಕೆ ವಹಿಸಲಾಯಿತು. 2021ರ ಜನವರಿಯಲ್ಲಿ ನಿರ್ದಿಷ್ಟ ಕೌಶಲ್ಯ ಹೊಂದಿದ ಕೆಲಸಗಾರರಿಗೆ ಸಂಬಂಧಿಸಿದ ಮತ್ತೊಂದು ಒಪ್ಪಂದವಾಯಿತು. ಜರ್ಮನಿಯೊಡನೆ 2022ರ ಡಿಸೆಂಬರ್‌ನಲ್ಲಿ ವಲಸೆ ಮತ್ತು ಸಂಚಾರ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಹಾಕಲಾಯಿತು. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್, ಐದು ವರ್ಷಗಳಲ್ಲಿ ಭಾರತದಿಂದ 50,000 ಕುಶಲ ವ್ಯಕ್ತಿಗಳನ್ನು ಜಪಾನಿಗೆ ಬರಮಾಡಿಕೊಳ್ಳುವ ಗುರಿಯನ್ನು ಪ್ರಕಟಿಸಿದವು. ರಾಜ್ಯದಲ್ಲಿ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವನ್ನು ಸ್ಥಾಪಿಸಲಾಗಿದೆ.

ಈ ಒಪ್ಪಂದಗಳಲ್ಲಿ ಸರ್ಕಾರದ ಪಾತ್ರವು ದಾರಿ ತೆರೆಯುವುದು ಮತ್ತು ಮೇಲ್ವಿಚಾರಣೆ ನಡೆಸುವುದು. ಜಪಾನಿನಲ್ಲಿ ತರಬೇತಿ ಪಡೆಯುವವರ ವೇತನವನ್ನು ಅಲ್ಲಿನ ಉದ್ಯೋಗದಾತರೇ, ಆ ದೇಶದ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ, ಪಾವತಿಸುತ್ತಾರೆ. ಅದು ಭಾರತ ಸರ್ಕಾರದ ಶಿಷ್ಯವೇತನವಲ್ಲ. ‘ಸರ್ಕಾರದ ಶಿಷ್ಯವೇತನ ಮಂಜೂರು ಮಾಡಿಸಿಕೊಡುತ್ತೇವೆ’ ಎಂದು ಹೇಳಿ ಮುಂಗಡ ಕೇಳುವವರ ಮಾತನ್ನು ಅರ್ಜಿದಾರರು ನಂಬತಕ್ಕದ್ದಲ್ಲ.

ಹೊರಡುವ ಮೊದಲಿನ ವೆಚ್ಚವೇ ಬೆಟ್ಟದ ಊರಿನವರಿಗೆ ನಿಜವಾದ ತೊಡಕು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯು ಪ್ರತಿ ವರ್ಷ ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ರಾಜ್ಯದವರಿಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಜುಲೈ ಘಾಟಿ ಪ್ರದೇಶದಲ್ಲಿ ಮಳೆ ಬಿರುಸಾಗಿರುವ ಕಾಲ. ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ. ತರಗತಿ, ವಸತಿ, ಪ್ರಯಾಣ, ಪಾಸ್‌ಪೋರ್ಟ್ ಮತ್ತು ವೈದ್ಯಕೀಯ ತಪಾಸಣೆಯ ವೆಚ್ಚಗಳು ಮೊದಲ ವೇತನ ಕೈಸೇರುವ ಮುನ್ನವೇ ಬರುತ್ತವೆ. ಸರ್ಕಾರವು ತರಬೇತಿ ಸಂಸ್ಥೆಗೆ ನೀಡುವ ಹಣವು ತರಗತಿಯ ವೆಚ್ಚವನ್ನು ತಗ್ಗಿಸಬಲ್ಲದು. ಮನೆಯಲ್ಲಿ ದುಡಿಯುವ ಕೈಯೊಂದು ಕಡಿಮೆಯಾದ ನಷ್ಟವನ್ನು ತುಂಬಿಕೊಡುವುದಿಲ್ಲ.

2027ರ ಬದಲಾವಣೆ

ಜಪಾನ್ ದೇಶವು 2024ರ ಜೂನ್‌ನಲ್ಲಿ ಅಂಗೀಕರಿಸಿದ ಕಾನೂನಿನ ಪ್ರಕಾರ ತಾಂತ್ರಿಕ ತರಬೇತಿ ಕಾರ್ಯಕ್ರಮವು ರದ್ದಾಗಿ, ಅದರ ಸ್ಥಾನದಲ್ಲಿ ಕೌಶಲ್ಯ ವೃದ್ಧಿಗಾಗಿ ಉದ್ಯೋಗ ಎಂಬ ಹೊಸ ವ್ಯವಸ್ಥೆ ಬರುತ್ತದೆ. ಇದರ ಜಾರಿಗೆ 2027ರ ಏಪ್ರಿಲ್ 1ನೇ ದಿನಾಂಕವನ್ನು ನಿಗದಿಪಡಿಸಲಾಗಿದೆ. ಹಳೆಯ ಕಾರ್ಯಕ್ರಮದಲ್ಲಿ ತರಬೇತಿಯ ನಡುವೆ ಉದ್ಯೋಗದಾತರನ್ನು ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿರಲಿಲ್ಲ. ವೇತನ ಅಥವಾ ನಡವಳಿಕೆಯ ಬಗ್ಗೆ ದೂರು ಇದ್ದವರೂ ಸಾಲದ ಭಯದಿಂದ ಸುಮ್ಮನಿರಬೇಕಾದ ಸ್ಥಿತಿಗೆ ಇದು ಕಾರಣವಾಗಿತ್ತು ಎಂಬ ಟೀಕೆ ಜಪಾನಿನಲ್ಲಿಯೇ ಕೇಳಿಬಂದಿತ್ತು. ಹೊಸ ವ್ಯವಸ್ಥೆಯಲ್ಲಿ ಕೆಲವು ಷರತ್ತುಗಳಿಗೆ ಒಳಪಟ್ಟು ಅದೇ ವೃತ್ತಿಕ್ಷೇತ್ರದೊಳಗೆ ಉದ್ಯೋಗದಾತರನ್ನು ಬದಲಾಯಿಸಲು ಅವಕಾಶವಿದೆ. ತರಬೇತಿಯ ಅವಧಿ ಸಾಮಾನ್ಯವಾಗಿ ಮೂರು ವರ್ಷ.

ಇದರಿಂದ ಅರ್ಜಿದಾರರಿಗೆ ತಿಳಿದುಬರುವುದೇನೆಂದರೆ, ಹಳೆಯ ಕಾರ್ಯಕ್ರಮದ ಹೆಸರಿನಲ್ಲಿ ದೀರ್ಘಾವಧಿಯ ಶುಲ್ಕ ಪಾವತಿಸುವ ಮುನ್ನ, ತಾವು ಹೊರಡುವ ದಿನದಂದು ಯಾವ ವ್ಯವಸ್ಥೆ ಜಾರಿಯಲ್ಲಿರುತ್ತದೆ ಮತ್ತು ಕಳುಹಿಸುವ ಸಂಸ್ಥೆಯು ಆ ವ್ಯವಸ್ಥೆಯಡಿ ಮಾನ್ಯತೆ ಪಡೆದಿದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಕಲಿತ ಭಾಷೆ ಮಾತ್ರ ಎರಡೂ ವ್ಯವಸ್ಥೆಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ನಾವೀನ್ಯತಾ ಯೋಜನೆಗಳ ಅನುದಾನ

ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ 2018-19ರಿಂದ ಕೃಷಿ ನಾವೀನ್ಯತೆ ಮತ್ತು ಉದ್ಯಮಶೀಲತೆಗೆ ನೆರವು ನೀಡಲಾಗುತ್ತಿದೆ. ಆಲೋಚನೆಯ ಹಂತದಲ್ಲಿ ಗರಿಷ್ಠ 5 ಲಕ್ಷ ರೂ. ಹಾಗೂ ಆರಂಭಿಕ ಉದ್ಯಮದ ಹಂತದಲ್ಲಿ ಗರಿಷ್ಠ 25 ಲಕ್ಷ ರೂ. ದೊರೆಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಈ ಕಾರ್ಯಕ್ರಮದ ಜ್ಞಾನ ಸಹಭಾಗಿ ಸಂಸ್ಥೆಗಳಲ್ಲಿ ಒಂದಾಗಿದೆ. ರಾಜ್ಯ ಸರ್ಕಾರದ ‘ಎಲಿವೇಟ್’ ಕಾರ್ಯಕ್ರಮದಲ್ಲಿ ಆಯ್ಕೆಯಾದ ನವೋದ್ಯಮಗಳಿಗೆ ಗರಿಷ್ಠ 50 ಲಕ್ಷ ರೂ.ಗಳವರೆಗೆ ಒಂದಾವರ್ತಿ ಅನುದಾನವಿದೆ. ಅಟಲ್ ಇನ್ನೋವೇಶನ್ ಮಿಷನ್ ಒಂದು ಇನ್‌ಕ್ಯುಬೇಷನ್ ಕೇಂದ್ರಕ್ಕೆ ಐದು ವರ್ಷಗಳಲ್ಲಿ ಗರಿಷ್ಠ 10 ಕೋಟಿ ರೂ. ನೀಡುವ ಯೋಜನೆಯನ್ನು ರೂಪಿಸಿದ್ದು, ಕಾಫಿ ಮಂಡಳಿಯ ಆಶ್ರಯದಲ್ಲಿ ಕಾಫಿ ಕ್ಷೇತ್ರಕ್ಕೆಂದೇ ಇಂತಹ ಕೇಂದ್ರವೊಂದು ಸ್ಥಾಪನೆಯಾಗಿದೆ.

ಈ ಮೊತ್ತಗಳನ್ನು ಓದುವಾಗ ಎಚ್ಚರ ಅಗತ್ಯ. ‘ಗರಿಷ್ಠ’ ಎಂಬುದು ಮೇಲ್ಮಿತಿಯೇ ಹೊರತು ಖಚಿತ ಮೊತ್ತವಲ್ಲ. ಹಣವು ಕಂತುಗಳಲ್ಲಿ, ಪ್ರಗತಿಯನ್ನು ಪರಿಶೀಲಿಸಿದ ನಂತರ ಬಿಡುಗಡೆಯಾಗುತ್ತದೆ. ಕಾಫಿ ಹುರಿದು ಪುಡಿ ಮಾಡುವ ಸಾಮಾನ್ಯ ಘಟಕಕ್ಕೆ ಇಲ್ಲಿ ಅನುದಾನ ದೊರೆಯಲಾರದು. ಅದಕ್ಕೆ ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ ಯೋಜನೆಗಳೇ ಮಾರ್ಗ. ಈಗಾಗಲೇ ಇರುವುದಕ್ಕಿಂತ ಬೇರೆಯಾದುದನ್ನು ಮಾಡಿ ತೋರಿಸುವುದೇ ನಾವೀನ್ಯತಾ ಅನುದಾನದ ಮುಖ್ಯ ಷರತ್ತು.

ಭಾಷೆಯೂ ಒಂದು ತೊಡಕು. ಯೋಜನಾ ವರದಿ ಮತ್ತು ಆಯ್ಕೆ ಸಮಿತಿಯ ಮುಂದಿನ ವಿವರಣೆ ಬಹುತೇಕ ಇಂಗ್ಲಿಷ್‌ನಲ್ಲಿಯೇ ನಡೆಯುತ್ತವೆ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಅನ್ನು 2,750 ಕೋಟಿ ರೂ. ವೆಚ್ಚದಲ್ಲಿ 2028ರ ಮಾರ್ಚ್‌ವರೆಗೆ ಮುಂದುವರಿಸಲು ಒಪ್ಪಿಗೆ ನೀಡಿತು. ಅದರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನಾವೀನ್ಯತೆಗೆ ಬೆಂಬಲ ನೀಡುವ ಅಂಶ ಸೇರಿರುವುದು ಕನ್ನಡದ ಅರ್ಜಿದಾರರಿಗೆ ಮಹತ್ವದ್ದಾಗಿದೆ.

ಎರಡು ಯೋಜನೆಗಳ ನಡುವಿನ ಅಂತರ

ಕೊಟ್ಟಿಗೆಹಾರ ಭಾಗದ ಒಬ್ಬ ಯುವಕನು ಜಪಾನಿನ ಹಣ್ಣಿನ ತೋಟದಲ್ಲಿ ಮೂರು ವರ್ಷ ಕೆಲಸ ಕಲಿತು ಬಂದನೆಂದು ಭಾವಿಸೋಣ. ಮರ ಸವರುವ ಹಗುರ ಯಂತ್ರ, ಹಣ್ಣು ವಿಂಗಡಿಸುವ ಕ್ರಮ, ಮುಚ್ಚಿದ ಮನೆಯಲ್ಲಿ ಒಣಗಿಸುವ ವಿಧಾನಗಳನ್ನು ಆತ ಕಂಡಿರುತ್ತಾನೆ. ಇತ್ತ ಊರಿನಲ್ಲಿ ಅರೇಬಿಕಾ ಕೊಯ್ಲಿನ ವೇಳೆಗೆ ಅಕಾಲ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ನೆನೆದು ಹಾಳಾಗುತ್ತದೆ. ಮರಗಸಿಗೆ ನುರಿತ ಆಳುಗಳು ಸಿಗುವುದು ಕಷ್ಟ. ತೋಟದ ಕೆಲಸಕ್ಕೆ ದೂರದ ರಾಜ್ಯಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ಕಲಿತ ವಿದ್ಯೆಗೂ ಊರಿನ ಅಗತ್ಯಕ್ಕೂ ಹೊಂದಾಣಿಕೆ ಇದೆ.

ಆದರೆ ಕಳುಹಿಸುವ ಯೋಜನೆಯಲ್ಲಿ ಸಾಧನೆಯನ್ನು ಎಣಿಸುವುದು ಎಷ್ಟು ಮಂದಿ ಹೊರಟರು ಎಂಬುದರಿಂದ. ನಾವೀನ್ಯತಾ ಯೋಜನೆಯಲ್ಲಿ ಕೇಳುವುದು ಯೋಜನಾ ವರದಿ, ಮಾದರಿ ಮತ್ತು ಉದ್ಯಮದ ನೋಂದಣಿಯನ್ನು. ಹಿಂದಿರುಗಿದವನು ಏನು ಕಲಿತು ಬಂದ ಎಂದು ಕೇಳುವ ಕಲಂ ಈ ಎರಡರ ನಡುವೆ ಇಲ್ಲ. ಡಾ. ಕೋಲ್ಮನ್ ಅವರ ಕಾಲದಲ್ಲಿ ಸಂಸ್ಥಾನ ಹಾಗೂ ನಂತರ ಬಾಳೆಹೊನ್ನೂರಿನ ಸಂಸ್ಥೆ ನಿರ್ವಹಿಸಿದ ಈ ಕೊಂಡಿಯ ಕೆಲಸವನ್ನು ಇಂದು ಬಹುಮಟ್ಟಿಗೆ ಅರ್ಜಿದಾರರೇ ಮಾಡಿಕೊಳ್ಳಬೇಕಾಗಿದೆ. ಹಿಂದಿರುಗಿದವರಿಗೆ ಬಾಳೆಹೊನ್ನೂರಿನ ಸಂಸ್ಥೆಯಲ್ಲಾಗಲೀ ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಾಗಲೀ ತಮ್ಮ ಆಲೋಚನೆಯನ್ನು ಒಂದು ಹಂಗಾಮು ಪರೀಕ್ಷಿಸಿ ನೋಡುವ ಅವಕಾಶ ಯೋಜನೆಯ ಭಾಗವಾಗಿಯೇ ದೊರೆತಲ್ಲಿ, ಕಳುಹಿಸಲು ಮಾಡಿದ ಸಾರ್ವಜನಿಕ ವೆಚ್ಚವು ಊರಿಗೂ ಫಲ ನೀಡುತ್ತದೆ.

ಅರ್ಜಿದಾರರ ಗಮನಕ್ಕೆ

1. ಮೊದಲ ವಿಚಾರಣೆಯನ್ನು ಚಿಕ್ಕಮಗಳೂರಿನ ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳ ಕಚೇರಿಯಲ್ಲಿ ಮಾಡುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಬಣಕಲ್ ನಾಡಕಚೇರಿಯಲ್ಲಿ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು.

2. ವಿದೇಶಿ ಉದ್ಯೋಗಕ್ಕೆ ಸೇರಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಪರಿಶೀಲಿಸುವುದು. ಈ ಕಾಯ್ದೆಯ ನಿಯಮಗಳ ಪ್ರಕಾರ ಸೇವಾ ಶುಲ್ಕದ ಮಿತಿ 30,000 ರೂ. ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ರಸೀದಿ ಇಲ್ಲದೆ ಹಣ ನೀಡಬಾರದು. ಸಹಾಯಕ್ಕಾಗಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090 ಅನ್ನು ಸಂಪರ್ಕಿಸಬಹುದು.

3. ಪ್ರವಾಸಿ ವೀಸಾದ ಮೇಲೆ ತರಬೇತಿಗೆ ಅಥವಾ ಕೆಲಸಕ್ಕೆ ತೆರಳಬಾರದು. ಒಪ್ಪಂದ ಪತ್ರದಲ್ಲಿ ವೇತನ, ಕೆಲಸದ ಅವಧಿ, ವಸತಿ ಹಾಗೂ ಕಡಿತಗಳ ವಿವರ ಇರುವುದನ್ನು ಹೊರಡುವ ಮೊದಲೇ ಓದಿಸಿ ತಿಳಿದುಕೊಳ್ಳುವುದು.

4. ತರಬೇತಿಯ ಅವಧಿಯಲ್ಲಿ ಕೌಶಲ್ಯ ಪರೀಕ್ಷೆಯ ಪ್ರಮಾಣಪತ್ರ, ವೇತನ ಚೀಟಿ ಮತ್ತು ಕೆಲಸದ ದಿನಚರಿಯನ್ನು ಜೋಪಾನವಾಗಿಡುವುದು. ಮುಂದೆ ನಾವೀನ್ಯತಾ ಯೋಜನೆಗೆ ಅರ್ಜಿ ಸಲ್ಲಿಸುವಾಗ ಅನುಭವಕ್ಕೆ ಇವೇ ಆಧಾರ.

5. ಜಪಾನಿನಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಪಿಂಚಣಿ ವಂತಿಗೆ ಕಟ್ಟಿದವರು ಆ ದೇಶ ಬಿಟ್ಟ ನಂತರ ಎರಡು ವರ್ಷಗಳೊಳಗೆ ಒಂದೇ ಕಂತಿನ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು. ನಾವೀನ್ಯತಾ ಯೋಜನೆಯಲ್ಲಿ ಅರ್ಜಿದಾರರು ಹಾಕಬೇಕಾದ ಸ್ವಂತ ಪಾಲಿಗೆ ಈ ಹಣ ನೆರವಾಗಬಲ್ಲದು.

6. ಒಂದೇ ವೆಚ್ಚಕ್ಕೆ ಎರಡು ಯೋಜನೆಗಳಿಂದ ಅನುದಾನ ಕೋರಬಾರದು. ಯಂತ್ರದ ವೆಚ್ಚ ಮತ್ತು ಪ್ರಯೋಗದ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸುವುದು.

ಉಪಸಂಹಾರ

ಗಡಿಯಾಚೆಗೆ ಹೋಗುವವರಿಗೆ ದಾರಿ ಇದೆ. ಹೊಸದನ್ನು ಮಾಡುವವರಿಗೆ ಅನುದಾನವೂ ಇದೆ. ಇವೆರಡನ್ನೂ ಜೋಡಿಸುವ ಕ್ರಮ ರೂಪುಗೊಳ್ಳುವವರೆಗೆ ಅರ್ಜಿದಾರರು ಹೊರಡುವ ದಿನದಂದೇ ಹಿಂದಿರುಗುವ ದಿನದ ಲೆಕ್ಕವನ್ನೂ ಹಾಕಿಕೊಳ್ಳುವುದು ಒಳಿತು. ತೋಟದ ಪಹಣಿಯನ್ನು ಅಡವಿಡುವ ಮುನ್ನ ಮೇಲ್ಕಂಡ ಅಂಶಗಳನ್ನು ಮನೆಯವರೆಲ್ಲರೊಂದಿಗೆ ಕುಳಿತು ಪರಿಶೀಲಿಸಿ, ಸಂಬಂಧಪಟ್ಟ ಕಚೇರಿಯಿಂದ ಲಿಖಿತ ಮಾಹಿತಿ ಪಡೆದು ಮುಂದುವರಿಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.