ಸೆಪ್ಟೆಂಬರ್ 17ರ ಲೆಕ್ಕಕ್ಕೆ ಸಿಗದವರು

1948ರ ಸೆಪ್ಟೆಂಬರ್ 13, ಸೋಮವಾರ. ಸೊಲ್ಲಾಪುರದ ಕಡೆಯಿಂದ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ ಭಾರತೀಯ ಸೇನೆ ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಹಿಡಿಯಿತು, ಜಳಕೋಟ ದಾಟಿತು, ಮಧ್ಯಾಹ್ನ ಮೂರೂಕಾಲಿಗೆಲ್ಲ ಉಮರ್ಗಾ ಸೇರಿತು. ಅಲ್ಲಿದ್ದ ರಜಾಕಾರರು, ಅಂದರೆ ನಿಜಾಮನ ಪರ ಸಶಸ್ತ್ರ ಪಡೆಯವರು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಐದನೇ ದಿನ ನಿಜಾಮ ಕೈಚೆಲ್ಲಿದ.

ಆ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 65. ಪ್ರತಿ ಸೆಪ್ಟೆಂಬರ್ 17ಕ್ಕೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನದ ಧ್ವಜ ಏರುತ್ತದೆ. ಗಡಿ ದಾಟಿ ಬೀದರ್, ಕಲಬುರಗಿಗೆ ಬಂದರೆ ಕಲ್ಯಾಣ ಕರ್ನಾಟಕ ಉತ್ಸವ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯ ಬೇರೆಯಾದರೂ ಎರಡೂ ಕಡೆಯವರ ನೆನಪು ಬೇರೆಯಾಗಲಿಲ್ಲ. ಮರೆವೂ ಬೇರೆಯಾಗಲಿಲ್ಲ.

ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ರಜಾಕಾರರ ಹಾವಳಿ. ಉಳಿಯಲೇಬೇಕು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ ಅವರು ಸುಮಾರು 200 ಜನರನ್ನು ಕೊಂದರು. 2023ರ ಮಾರ್ಚ್‌ನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಆ ಊರಿನ ಕಣ್ಣೀರಿಗೆ ಅಷ್ಟು ಗೌರವ ಸಲ್ಲಲೇಬೇಕಿತ್ತು. ಬಹಳ ತಡವಾಗಿ ಸಂದಿತು.

ಆದರೆ ಸೆಪ್ಟೆಂಬರ್ 17ಕ್ಕೆ ಸಾವು ನಿಲ್ಲಲಿಲ್ಲ. 'ಪೊಲೀಸ್ ಆ್ಯಕ್ಷನ್' ಎಂದು ಕರೆದ ಆ ಸೇನಾ ಕಾರ್ಯಾಚರಣೆ ಮುಗಿದ ಮೇಲಿನ ವಾರಗಳಲ್ಲಿ ಇದೇ ಊರುಗಳ ಮುಸ್ಲಿಮರ ಮೇಲೆ ಸೇಡು ತಿರುಗಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡ ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದ ಒಂಬತ್ತು ಜಿಲ್ಲೆ ಸುತ್ತಿ, 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ತಂಡದ ಅಂದಾಜಿನಲ್ಲಿ ಸತ್ತವರು 27,000ದಿಂದ 40,000. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಅಂದರೆ ಉಮರ್ಗಾ, ನಿಲಂಗಾ, ಉದಗೀರಗಳ ನೆಲವೇ. ನಿಲಂಗಾಕ್ಕೂ ಉದಗೀರಕ್ಕೂ ಸಮೀಪದ ಲಾತೂರಿನಲ್ಲಿ ಕೊಲೆಗಳು ಇಪ್ಪತ್ತು ದಿನಕ್ಕೂ ಮೀರಿ ನಡೆದವು, ಸುಮಾರು ಹತ್ತು ಸಾವಿರ ಮುಸ್ಲಿಮರಿದ್ದ ಪೇಟೆಯಲ್ಲಿ ತಂಡಕ್ಕೆ ಕಂಡದ್ದು ಮೂರು ಸಾವಿರ ಜನ ಮಾತ್ರ. ಸರ್ಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿದ್ದು 2013ರಲ್ಲಿ.

ಧ್ವಜಕಟ್ಟೆಯ ಭಾಷಣಗಳಲ್ಲಿ ಈ ಸಾವುಗಳ ಮಾತು ಬರುವುದು ಅಪರೂಪ. ಎತ್ತಿದರೆ 'ಅವರು ನಿಜಾಮನ ಕಡೆಯವರು' ಎಂಬ ಉತ್ತರ ಸಿದ್ಧವಿರುತ್ತದೆ. ಈ ಉತ್ತರ ಸುಳ್ಳು. ರಜಾಕಾರರನ್ನು ಎದುರಿಸಿ ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಅವರಿಂದಲೇ ಕೊಲೆಯಾದ 'ಇಮ್ರೋಜ್' ಸಂಪಾದಕ ಶೋಯಬುಲ್ಲಾ ಖಾನ್ ಯಾರ ಕಡೆಯವರು? ಸುಂದರಲಾಲ್ ತಂಡವೂ ರಜಾಕಾರರ ಸುಲಿಗೆ, ಕೊಲೆಗಳನ್ನು ಮುಚ್ಚಿಡಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ದಾಳಿಕೋರರ ಗುಂಪಿಗೆ ಎದುರು ನಿಂತರು, ಅವರಲ್ಲಿ ಕೆಲವರು ಪ್ರಾಣವನ್ನೇ ಕೊಟ್ಟರು. ಪಕ್ಕದ ಮಗ್ಗದವನ ಕೈ ಅವರಿಗೆ ಗೊತ್ತಿತ್ತು. ಈ ನೇಕಾರರಿಗೂ ಸೆಪ್ಟೆಂಬರ್ 17ರ ಹೂಮಾಲೆ ಸಲ್ಲಬೇಕಲ್ಲವೇ?

ಸತ್ತವನ ಕಡೆ ನೋಡಿ ಅಳುವ ಅಭ್ಯಾಸ ಮನೆಯಂಗಳದಲ್ಲೇ ಬೇರೂರಿದರೆ ದೂರದ ಯುದ್ಧಗಳಿಗೂ ಅದೇ ಅಳತೆಗೋಲು. 2022ರ ಮಾರ್ಚ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಯುದ್ಧಪೀಡಿತ ಉಕ್ರೇನಿನ ಖಾರ್ಕಿವ್‌ನಲ್ಲಿ ಸತ್ತಾಗ ನಾಡೇ ಮರುಗಿತು. 2023ರ ಏಪ್ರಿಲ್‌ನಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನವರು ಸುಡಾನಿನ ಅಲ್-ಫಾಶರ್‌ನಲ್ಲಿ ಸಿಕ್ಕಿಬಿದ್ದಾಗ ಆ ಊರಿನ ಹೆಸರು ಕರ್ನಾಟಕದ ಚುನಾವಣಾ ಪ್ರಚಾರಕ್ಕೂ ಬಂತು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ 'ಆಪರೇಷನ್ ಕಾವೇರಿ'ಯಲ್ಲಿ ಅವರು ಮರಳಿದರು, ಊರಿನ ಹೆಸರೂ ಅಷ್ಟಕ್ಕೇ ಮರೆಯಾಯಿತು. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಅಲ್-ಫಾಶರ್ ಬಿದ್ದು ಕಗ್ಗೊಲೆ ನಡೆದಾಗ, ಹಕ್ಕಿಪಿಕ್ಕಿಗಳಿಂದ ಔಷಧಿ ಕೊಂಡಿದ್ದ ಅಲ್ಲಿಯ ಜನ ಏನಾದರೋ ಎಂದು ಎಷ್ಟು ಜನ ಕೇಳಿದರು? ಗಾಜಾದ ಮಕ್ಕಳ ಬಗ್ಗೆ ಮಾತೆತ್ತಿದರೆ ಮಾತಾಡಿದವರ ಜಾತಿ, ಧರ್ಮ ಮೊದಲು ವಿಚಾರಣೆಗೆ ಬರುತ್ತದೆ.

ಈ ಅಭ್ಯಾಸ ಬಿಡುವುದು ಮನೆಯಂಗಳದಿಂದಲೇ ಶುರುವಾಗಬೇಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ. ಗೋರಟಾದ ಕಟ್ಟೆಯ ಮೇಲೆ ಕುಳಿತು ಕೇಳಿದಷ್ಟೇ ತಾಳ್ಮೆಯಿಂದ ನಿಲಂಗಾ, ಉದಗೀರ, ಉಮರ್ಗಾಗಳ ಮುಸ್ಲಿಂ ಓಣಿಗಳಲ್ಲೂ ಕುಳಿತು ಕೇಳಬೇಕು. ಕನ್ನಡ, ಮರಾಠಿ, ದಖನಿ, ಯಾವ ಮಾತಿನಲ್ಲಿ ಹೇಳಿದರೆ ಆ ಮಾತಿನಲ್ಲೇ ಬರೆದುಕೊಳ್ಳಬೇಕು. ಗಡಿಯ ಎರಡೂ ಕಡೆಯ ಕಾಲೇಜುಗಳು ಮುಂದಿನ ಸೆಪ್ಟೆಂಬರ್‌ವರೆಗೂ ಕಾಯದೆ ಇದಕ್ಕೆ ಕೈ ಹಾಕಬೇಕು.