ಕರಡಚ್ಚು ತಿದ್ದುವ ಕಾಯಕ



ಹಿಂದೆ ನನ್ನಲ್ಲಿ ಸಂಸ್ಕೃತ ಓದಿದ ಹೆಣ್ಣುಮಗಳೊಬ್ಬಳು ಈಚೆಗೆ ಪತ್ರ ಬರೆದಿರುವಳು. ಯಾವ ಪ್ರಕಾಶಕರ ನೌಕರಿಗೂ ಸೇರದೆ, ಮನೆಯ ಹೊಣೆಯನ್ನು ಬಿಡದೆ, ಕರಡಚ್ಚು ತಿದ್ದುವ ಕೆಲಸದಿಂದ ಸಂಸಾರಕ್ಕೆ ನೆರವಾಗಬಹುದೇ ಎಂಬುದು ಆಕೆಯ ಪ್ರಶ್ನೆ. ಪಾಠಶಾಲೆಯಿಂದ ನಿವೃತ್ತನಾದ ಬಳಿಕ ನಾನೂ ಇದೇ ಕೆಲಸವನ್ನು ಹಿಡಿದಿರುವೆನು. ಆದಕಾರಣ ಉತ್ತರವನ್ನು ಆಕೆಗೊಬ್ಬಳಿಗೇ ಬರೆಯದೆ, ಇಂಥ ಯೋಚನೆಯುಳ್ಳ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಚ್ಚಿನ ತಪ್ಪಿಗೆ ನಮ್ಮವರು ವಿನೋದದಿಂದ ಮುದ್ರಾರಾಕ್ಷಸನೆಂದು ಹೆಸರಿಟ್ಟಿರುವರು. ವಿಶಾಖದತ್ತನ ನಾಟಕದ ರಾಕ್ಷಸನು ನಂದರ ಸ್ವಾಮಿನಿಷ್ಠನಾದ ಅಮಾತ್ಯನು. ನಮ್ಮ ರಾಕ್ಷಸನಾದರೋ ಯಾರಿಗೂ ನಿಷ್ಠನಲ್ಲ. ಒಂದು ಗುಡಿಸು ಬಿಟ್ಟುಹೋದರೆ ಶಿವನು ಶವವಾಗುವನು. ಒಂದು ದೀರ್ಘ ತಪ್ಪಿದರೆ ‘ನಿಧಾನ’ವು ‘ನಿಧನ’ವಾಗುವುದು. ‘ಸ್ವಜನ’ವು ‘ಶ್ವಜನ’ವಾದರೆ ಬಂಧುಗಳು ನಾಯಿಗಳಾಗುವರು. ಇವನ್ನೆಲ್ಲ ಗಣಕಯಂತ್ರವು ಹಿಡಿದುಕೊಡುವುದೆಂದು ನಂಬಿ ಕೂಡಬಾರದು. ‘ನಿಧನ’ವೂ ನಿಘಂಟಿನಲ್ಲಿರುವ ಶಬ್ದವೇ ಆದ್ದರಿಂದ ಪದಪರೀಕ್ಷೆಯ ಯಂತ್ರಕ್ಕೆ ಅದು ದೋಷವೆಂದು ತೋರದೆ ಹೋಗಬಹುದು. ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುವುದೂ ಒತ್ತಕ್ಷರ ಒಡೆಯುವುದೂ ಉಂಟು. ಮನುಷ್ಯನ ಕಣ್ಣಿಗೆ ಇನ್ನೂ ಕೆಲಸವಿದೆ.

ಈ ಕಣ್ಣನ್ನು ಪಳಗಿಸುವುದು ಹೇಗೆ? ಅರ್ಥದ ರುಚಿ ಹತ್ತಿದೊಡನೆ ಕಣ್ಣು ಅಕ್ಷರವನ್ನು ಬಿಟ್ಟು ಮುಂದೋಡುವುದು. ಆದುದರಿಂದ ಮೊದಲ ಸಲ ಮೂಲಪ್ರತಿಯೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಮನೆಯಲ್ಲಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕರಡನ್ನು ನೋಡುತ್ತ ಹೋದರೆ ಬಹಳ ಉತ್ತಮ. ಎರಡನೆಯ ಸಲ ಮೂಲವಿಲ್ಲದೆ, ವಾಚಕನಂತೆ ಓದಬೇಕು. ಮೂರನೆಯ ಸಲ ತಲೆಬರೆಹ, ಪುಟಸಂಖ್ಯೆ, ಇಸವಿ, ಹೆಸರು ಇವನ್ನಷ್ಟೇ ನೋಡಬೇಕು. ಸಣ್ಣ ಅಕ್ಷರದ ತಪ್ಪನ್ನು ಹಿಡಿದವನು ಹೊದಿಕೆಯ ಮೇಲಿನ ದೊಡ್ಡ ಅಕ್ಷರದ ತಪ್ಪನ್ನು ಬಿಡುವುದು ಈ ವೃತ್ತಿಯ ಹಳೆಯ ಶಾಪ. ‘ಔಷಧ’ವೋ ‘ಔಷಧಿ’ಯೋ, ‘ಇವತ್ತು’ ಎಂದೋ ‘ಈವೊತ್ತು’ ಎಂದೋ ಪ್ರತಿ ಗ್ರಂಥಕ್ಕೂ ಆರಂಭದಲ್ಲಿಯೇ ನಿರ್ಣಯಿಸಿ ಒಂದು ಪಟ್ಟಿ ಬರೆದಿಟ್ಟುಕೊಳ್ಳತಕ್ಕದ್ದು. ಸಂಶಯ ಬಂದಾಗ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶವೂ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳೂ ನಮಗೆ ಆಸರೆ.

ಇಷ್ಟು ಬಲ್ಲೆನೆಂಬ ಹೆಮ್ಮೆಯಿಂದಲೇ ನಾನೊಮ್ಮೆ ಕೆಟ್ಟೆನು. ಧಾರವಾಡದ ಕಡೆಯ ವೃದ್ಧ ರೈತರೊಬ್ಬರು ತಮ್ಮ ಬಾಲ್ಯದ ನೆನಪುಗಳನ್ನು ಬರೆದು, ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಲು ಹೊರಟಿದ್ದರು. ಕರಡು ನನ್ನ ಕೈಗೆ ಬಂದಿತು. ತಪ್ಪುಗಳನ್ನು ತಿದ್ದುವುದರೊಡನೆ ಭಾಷೆಯನ್ನೂ ‘ಶುದ್ಧ’ಗೊಳಿಸಿದೆನು. ‘ಅವ್ವ’ ಎಂದಿದ್ದಲ್ಲೆಲ್ಲ ‘ತಾಯಿ’ ಎಂದು ಮಾಡಿದೆನು, ‘ಬುತ್ತಿ’ಯನ್ನು ‘ಉಪಾಹಾರ’ವಾಗಿಸಿದೆನು. ಹೊಗಳಿಕೆಯನ್ನು ನಿರೀಕ್ಷಿಸಿ ಕುಳಿತಿದ್ದೆನು. ಅವರು ಮನೆಗೆ ಬಂದು, ಹಾಳೆಗಳನ್ನು ಮುಂದಿಟ್ಟು, ಮೆಲ್ಲನೆ ಕೇಳಿದರು: “ಮಾಸ್ತರ, ನಮ್ಮವ್ವ ಕಟ್ಟಿಕೊಟ್ಟ ಬುತ್ತಿ ಇದರಾಗ ಎಲ್ಲಿ ಹೋತ್ರಿ?”

ನನಗೆ ಮಾತು ಹೊರಡಲಿಲ್ಲ. ಆ ತಾಯಿ ಅಕ್ಷರ ಕಲಿತವಳಲ್ಲ; ಆಕೆಯ ಭಾವಚಿತ್ರವೊಂದೂ ಉಳಿದಿಲ್ಲ. ಮಗನ ಪಾಲಿಗೆ ಉಳಿದಿದ್ದುದು ಆಕೆಯ ನುಡಿ ಮಾತ್ರ. ಅದನ್ನೇ ನಾನು ಕೆಂಪು ಮಸಿಯಿಂದ ಹೊಡೆದುಹಾಕಿದ್ದೆನು. ‘ಬುತ್ತಿ’ಯೆಂಬುದು ನಾನು ಗೌರವಿಸುವ ಸಂಸ್ಕೃತದ ‘ಭುಕ್ತಿ’ಯ ತದ್ಭವವೇ ಎಂಬುದು ಆಗ ನೆನಪಾಗಿ ಇನ್ನಷ್ಟು ನಾಚಿದೆನು.

ಹೊಡೆದುಹಾಕಿದ ಮಾತನ್ನು ಮತ್ತೆ ಉಳಿಸಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟು, ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆಯುವುದು ಮುದ್ರಕರ ಪದ್ಧತಿ. ಲ್ಯಾಟಿನ್ ಭಾಷೆಯ ಈ ಶಬ್ದಕ್ಕೆ ‘ಹಾಗೆಯೇ ನಿಲ್ಲಲಿ’ ಎಂದರ್ಥ. ನಮ್ಮ ‘ಸ್ಥಾ’ ಧಾತುವಿಗೆ ಅದು ಜ್ಞಾತಿ. ಮೂರು ರಾತ್ರಿ ಕುಳಿತು ಪುಟಪುಟಕ್ಕೂ ಚುಕ್ಕಿಗಳನ್ನಿಟ್ಟೆನು. ಆ ಕೆಲಸಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಕರಡು ತಿದ್ದುವವನು ತಪ್ಪನ್ನು ತಿದ್ದಬೇಕೇ ಹೊರತು ಮನುಷ್ಯನನ್ನು ತಿದ್ದಬಾರದು. ಶೈಲಿಯ ವಿಷಯದಲ್ಲಿ ಸಂಶಯ ತೋರಿದರೆ ಅಂಚಿನಲ್ಲಿ ಪ್ರಶ್ನೆ ಬರೆದು ಗ್ರಂಥಕರ್ತರಿಗೇ ಬಿಡಬೇಕು. ಅರವತ್ತರ ಹತ್ತಿರದಲ್ಲಿ ನಾನು ಕಲಿತ ಪಾಠವಿದು.

ಇನ್ನು ಹಣದ ಮಾತು. ಪಂಡಿತರಿಗೆ ಇದನ್ನಾಡಲು ಸಂಕೋಚ. ಆದರೆ ಸಂಕೋಚದಿಂದ ಅಕ್ಕಿ ಬೇಯದು. ಅಕ್ಷರದ ಗಾತ್ರಕ್ಕೆ ತಕ್ಕಂತೆ ಪುಟವೊಂದರಲ್ಲಿ ಹಿಡಿಯುವ ಮಾತು ಹೆಚ್ಚುಕಡಿಮೆಯಾಗುವುದರಿಂದ ಪುಟದ ಲೆಕ್ಕಕ್ಕಿಂತ ಪದಗಳ ಲೆಕ್ಕ ಲೇಸು. ಎಷ್ಟು ಸಲ ಕರಡು ನೋಡಬೇಕು, ಯಾವ ದಿನ ಒಪ್ಪಿಸಬೇಕು, ಹಣ ಯಾವಾಗ ಬರುವುದು ಈ ಮೂರನ್ನೂ ಕೆಲಸಕ್ಕೆ ಮೊದಲೇ ಬರೆಹದಲ್ಲಿ ನಿಶ್ಚಯಿಸಿಕೊಳ್ಳಬೇಕು. ದೊಡ್ಡ ಗ್ರಂಥವಾದರೆ ಒಂದು ಭಾಗವನ್ನು ಮುಂಗಡವಾಗಿ ಕೇಳುವುದು ಅವಿನಯವಲ್ಲ. ಸ್ವತಂತ್ರ ವೃತ್ತಿಯವರಿಗೆ ಪಿಂಚಣಿಯಿಲ್ಲ, ಸಂಬಳದ ರಜೆಯೂ ಇಲ್ಲ. ಬಂದುದರಲ್ಲಿ ಒಂದಂಶವನ್ನು ಕೆಲಸವಿಲ್ಲದ ತಿಂಗಳಿಗೆ ತೆಗೆದಿಡತಕ್ಕದ್ದು.

ಕರಡಿನಲ್ಲಿ ಕೈ ಪಳಗಿದ ಮೇಲೆ ಹಸ್ತಪ್ರತಿಯ ಸಂಪಾದನೆ, ಪದಸೂಚಿಯ ರಚನೆ ಇವನ್ನು ಕಲಿಯಬಹುದು. ಅವು ಬೇರೆ ಕೆಲಸಗಳು. ಅವಕ್ಕೆ ಬೇರೆಯೇ ಸಂಭಾವನೆ. ಕರಡು ತಿದ್ದುವ ಹಣಕ್ಕೆ ಇಡೀ ಗ್ರಂಥವನ್ನೇ ತಿರುಗಿ ಬರೆದುಕೊಡುವ ಔದಾರ್ಯ ಬೇಡ.

ಆದುದರಿಂದ, ತಾಯೀ, ನಿನ್ನ ಪ್ರಶ್ನೆಗೆ ನನ್ನ ಉತ್ತರವಿಷ್ಟು: ಸಂಸಾರಕ್ಕೆ ನೆರವಾದೀತು, ಮೊದಲ ವರ್ಷವೇ ಸಂಸಾರವನ್ನೆಲ್ಲ ಹೊತ್ತೀತೆಂದು ನಂಬಬೇಡ. ಒಂದು ಚಿಕ್ಕ ಪುಸ್ತಕದಿಂದ ತೊಡಗು. ಹೇಳಿದ ದಿನಕ್ಕೆ ಒಪ್ಪಿಸು. ಒಪ್ಪವಾದ ಕೆಲಸವೇ ಮುಂದಿನ ಕೆಲಸವನ್ನು ಕರೆತರುವುದು. ಹೊಡೆದುಹಾಕುವ ಗೆರೆಯನ್ನು ಎಳೆಯುವ ಮುನ್ನ, ಅದು ತಪ್ಪೋ ಯಾರಾದರೊಬ್ಬರ ಅವ್ವನ ಮಾತೋ ಎಂದು ಒಂದು ಕ್ಷಣ ನಿಂತು ನೋಡು.

ಇತಿ ಶಿವಮ್. ಗುಡಿಸು ಇದೆಯೇ ಎಂದು ಎರಡು ಸಲ ನೋಡಿಕೊಂಡಿರುವೆನು.